ಸುಣ್ಣದ ಅಪ್ಪಣೆ



ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ಈ ಹೊತ್ತಿಗೆ ಎಲ್ಲೋ ಒಂದು ಕಡೆ ಕಾಯಿ ಸುಲಿಯುತ್ತಿರುತ್ತಾರೆ. ನೆಲದಲ್ಲಿ ಹೂತ ಕಬ್ಬಿಣದ ಮೊನೆ. ಅದರೆದುರು ಕಾಲು ಅಗಲಿಸಿ ನಿಂತ ಆಳು. ಕಾಯನ್ನು ಎರಡು ಕೈಯಲ್ಲೂ ಎತ್ತಿ ಮೊನೆಗೆ ಕುಕ್ಕುತ್ತಾನೆ. ಒತ್ತಿ ತಿರುಚುತ್ತಾನೆ. ಮಟ್ಟೆ ಬಿಟ್ಟುಕೊಳ್ಳುತ್ತದೆ. ನಾಲ್ಕು ಸಲ ಹಾಗೆ ಮಾಡಿದರೆ ಒಂದು ಕಾಯಿ ಆಯಿತು. ಸಂಜೆಯೊಳಗೆ ನೂರಾರು ಕಾಯಿ ಆಗುತ್ತವೆ.

ಅವನ ತೋಳನ್ನು ನೆನೆಯಿರಿ. ಪ್ರತಿ ಕುಕ್ಕಿಗೂ ಅದು ಬಿಗಿಯುತ್ತದೆ. ಪ್ರತಿ ಕುಕ್ಕಿನ ನಂತರವೂ ಸಡಿಲುತ್ತದೆ. ಬಿಗಿದದ್ದು ನಮಗೆ ಕೆಲಸವಾಗಿ ಕಾಣುತ್ತದೆ. ಸಡಿಲಿದ್ದು ಲೆಕ್ಕಕ್ಕೇ ಬರುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಲೆಕ್ಕಕ್ಕೆ ಬಾರದ ಆ ಅರ್ಧದ ಬಗ್ಗೆ. ಸ್ನಾಯು ಬಿಗಿಯುವುದಕ್ಕೆ ಎಷ್ಟು ಏರ್ಪಾಡು ಬೇಕೋ ಸಡಿಲುವುದಕ್ಕೂ ಅಷ್ಟೇ ಏರ್ಪಾಡು ಬೇಕು. ಎರಡಕ್ಕೂ ಅಪ್ಪಣೆ ಕೊಡುವುದು ಒಂದೇ ವಸ್ತು, ಕ್ಯಾಲ್ಸಿಯಂ. ಎಲೆಯಡಿಕೆಗೆ ಹಚ್ಚುವ ಸುಣ್ಣದಲ್ಲಿರುವುದು ಅದೇ. ಸಿಮೆಂಟ್ ಮಾಡಲು ಬೇಕಾದ ಸುಣ್ಣದ ಕಲ್ಲಿನಲ್ಲಿರುವುದೂ ಅದೇ.

ನಾನು ಪಶುವೈದ್ಯ. ಮಾತಿನ ಕೊನೆಗೆ ನಿಮ್ಮ ಕೊಟ್ಟಿಗೆಗೆ ಬಂದೇ ಬರುತ್ತೇನೆ. ಕರು ಹಾಕಿದ ಮರುದಿನ ಏಳಲಾರದೆ ಮಲಗಿಬಿಡುವ ಸೀಮೆ ಹಸುವಿನ ಹತ್ತಿರಕ್ಕೆ. ಅದು ಯಾಕೆ ಮಲಗಿತು ಅನ್ನುವುದು ಗೊತ್ತಾಗಬೇಕಾದರೆ ಮೊದಲು ಸ್ನಾಯುವಿನ ಒಳಗೆ ಒಂದು ಸುತ್ತು ಹೋಗಿಬರಬೇಕು. ಬನ್ನಿ, ಹೋಗೋಣ.

ಸ್ನಾಯು ಎಂದರೆ ಎಳೆಗಳ ಕಟ್ಟು. ಒಂದೊಂದು ಎಳೆಯೂ ತಲೆಗೂದಲಿನ ದಪ್ಪದ್ದು, ಕೆಲವು ಅದಕ್ಕಿಂತ ಸಣ್ಣವು. ಆ ಎಳೆಯೊಳಗೆ ಇನ್ನೂ ನವಿರಾದ ನೂರಾರು ಎಳೆಗಳಿವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದಕ್ಕೂ ಅಡ್ಡಪಟ್ಟೆಗಳು ಕಾಣುತ್ತವೆ. ಒಂದು ಕಪ್ಪು, ಒಂದು ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ. ಹೀಗೆ ಪಟ್ಟೆಯಿಂದ ಪಟ್ಟೆಗೆ ಎಳೆಯು ಚಿಕ್ಕ ಚಿಕ್ಕ ಗೆಣ್ಣುಗಳಾಗಿ ಭಾಗವಾಗಿದೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 400 ಗೆಣ್ಣು. ಇಡೀ ತೋಳು ಬಿಗಿಯುವುದೆಂದರೆ ಈ ಗೆಣ್ಣುಗಳೆಲ್ಲ ಏಕಕಾಲಕ್ಕೆ ಸ್ವಲ್ಪಸ್ವಲ್ಪ ಗಿಡ್ಡವಾಗುವುದು.

ಗೆಣ್ಣಿನೊಳಗೆ ಎರಡು ಬಗೆಯ ತಂತುಗಳಿವೆ. ದಪ್ಪ ತಂತು ಮಯೋಸಿನ್ ಎಂಬ ಪ್ರೋಟೀನಿನದು. ತೆಳು ತಂತು ಆಕ್ಟಿನ್ ಎಂಬ ಪ್ರೋಟೀನಿನದು. ದಪ್ಪದವು ನಡುವೆ ಇವೆ. ತೆಳುವಾದವು ಎರಡೂ ತುದಿಗಳಿಂದ ಒಳಕ್ಕೆ ಚಾಚಿಕೊಂಡಿವೆ. ಒಂದರ ಪಕ್ಕ ಒಂದು, ಸ್ವಲ್ಪ ದೂರ ಜೊತೆಜೊತೆಯಾಗಿ ಮಲಗಿವೆ.

ಗೆಣ್ಣು ಗಿಡ್ಡವಾಗುವಾಗ ಈ ತಂತುಗಳಿಗೆ ಏನಾಗುತ್ತದೆ? ಬಹಳ ಕಾಲ ವಿಜ್ಞಾನಿಗಳು ತಂತುವೇ ಸುರುಟಿ ಮುದುಡುತ್ತದೆ ಎಂದುಕೊಂಡಿದ್ದರು. 1954ರಲ್ಲಿ ಆ ನಂಬಿಕೆ ಬಿದ್ದುಹೋಯಿತು. ಆ ವರ್ಷದ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದನ್ನು ಬರೆದವರು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್. ಇನ್ನೊಂದನ್ನು ಬರೆದವರು ಆ್ಯಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ. ಇಬ್ಬರು ಹಕ್ಸ್ಲಿಗಳಿಗೂ ನೆಂಟಸ್ತಿಕೆ ಇರಲಿಲ್ಲ. ಬೇರೆ ಬೇರೆ ದಾರಿಯಲ್ಲಿ ಹೊರಟ ಎರಡು ಜೋಡಿಗಳೂ ಒಂದೇ ಜಾಗಕ್ಕೆ ಬಂದು ಮುಟ್ಟಿದ್ದವು. ದಪ್ಪ ತಂತುವೂ ಗಿಡ್ಡವಾಗುವುದಿಲ್ಲ, ತೆಳು ತಂತುವೂ ಗಿಡ್ಡವಾಗುವುದಿಲ್ಲ. ಒಂದರ ಪಕ್ಕ ಇನ್ನೊಂದು ಸರಿಯುತ್ತದೆ, ಅಷ್ಟೇ.

ಸೇದುವ ಬಾವಿಯಿಂದ ಕೊಡ ಎತ್ತುವುದನ್ನು ನೆನೆಸಿಕೊಂಡರೆ ಇದು ಸಲೀಸಾಗಿ ತಿಳಿಯುತ್ತದೆ. ಹಗ್ಗ ಗಿಡ್ಡವಾಗುವುದಿಲ್ಲ. ತೋಳೂ ಗಿಡ್ಡವಾಗುವುದಿಲ್ಲ. ಒಂದು ಕೈ ಹಗ್ಗ ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತದೆ. ಆ ಹೊತ್ತಿಗೆ ಇನ್ನೊಂದು ಕೈ ಹಗ್ಗ ಜಾರದಂತೆ ಹಿಡಿದಿರುತ್ತದೆ. ಇಲ್ಲಿ ಆಕ್ಟಿನ್ ತಂತುವೇ ಹಗ್ಗ. ಮಯೋಸಿನ್ ತಂತುವಿನಿಂದ ಹೊರಚಾಚಿದ ಗುಬುಟುಗಳೇ ಕೈ. ಒಂದು ದಪ್ಪ ತಂತುವಿನಲ್ಲಿ ಸುಮಾರು 300 ಮಯೋಸಿನ್ ಅಣುಗಳಿವೆ. ಒಂದೊಂದಕ್ಕೂ ಎರಡೆರಡು ಕೈ. ಅಂದರೆ 600 ಕೈ. ಒಂದು ಕೈ ಒಂದು ಸಲಕ್ಕೆ ಎಳೆಯುವ ದೂರ ಹೆಚ್ಚೆಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು. ಅಷ್ಟು ಚಿಕ್ಕ ಎಳೆತ ಸೇರಿ ಸೇರಿ ಹಸಿ ಮಟ್ಟೆಯನ್ನು ಕಿತ್ತು ಸೀಳುವ ಶಕ್ತಿಯಾಗುತ್ತದೆ.

ಇದನ್ನು ಕಣ್ಣಾರೆ ನೋಡಿದವರುಂಟೇ? ಉಂಟು. 1983ರಲ್ಲಿ ಅಮೆರಿಕದ ಜೇಮ್ಸ್ ಸ್ಪುಡಿಚ್ ಮತ್ತು ಮೈಕೆಲ್ ಶೀಟ್ಜ್ ಒಂದು ಪ್ರಯೋಗ ಮಾಡಿದರು. ಸಿಹಿನೀರಿನಲ್ಲಿ ಬೆಳೆಯುವ ನೈಟೆಲ್ಲಾ ಎಂಬ ಪಾಚಿ ಜಾತಿಯ ಸಸ್ಯವಿದೆ. ಅದರ ಜೀವಕೋಶ ಬೆರಳುದ್ದ ಬೆಳೆಯುವುದುಂಟು. ಒಳಗೆ ಆಕ್ಟಿನ್ ಹಗ್ಗಗಳು ಸಾಲಾಗಿ ಹಾಸಿಕೊಂಡಿರುತ್ತವೆ. ಆ ಕೋಶವನ್ನು ಸೀಳಿ ಬಿಡಿಸಿದರು. ಸೂಕ್ಷ್ಮವಾದ ಮಣಿಗಳಿಗೆ ಸ್ನಾಯುವಿನ ಮಯೋಸಿನ್ ಲೇಪಿಸಿ ಅದರ ಮೇಲೆ ಬಿಟ್ಟರು. ಮಣಿಗಳು ಆಕ್ಟಿನ್ ಸಾಲು ಹಿಡಿದು ನಡೆದವು. ಪಾಚಿಯ ಹಗ್ಗವನ್ನು ಪ್ರಾಣಿಯ ಕೈ ಹಿಡಿದು ಎಳೆದಿತ್ತು! ಸ್ಪುಡಿಚ್ ಅವರ ಹೆಸರು ಮುಂದೆ ಬೆಂಗಳೂರಿನ ಪ್ರಸ್ತಾಪ ಬಂದಾಗ ಮತ್ತೊಮ್ಮೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಸ್ನಾಯುವಿನಲ್ಲಿ ಎರಡು ತಂತು. ಒಂದು ಹಗ್ಗ, ಒಂದು ಕೈಗಳ ಸಾಲು. ಕೈ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಈಗ ಮುಂದಿನ ಪ್ರಶ್ನೆ. ಈ ಕೈಗಳಿಗೆ ಕೂಳು ಯಾವುದು?

ಅದರ ಹೆಸರು ಎಟಿಪಿ. ನಾವು ತಿಂದ ಮುದ್ದೆಯೂ ಹಸು ತಿಂದ ಹುಲ್ಲೂ ಕೊನೆಗೆ ಸ್ನಾಯುವಿಗೆ ತಲುಪುವುದು ಈ ರೂಪದಲ್ಲಿ. ಇದರ ಚರಿತ್ರೆಯಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ದುಡಿದರು. 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯೇಟಿನ್ ಎಂಬ ಶಕ್ತಿಯ ದಾಸ್ತಾನನ್ನು ಇಬ್ಬರೂ ಗುರುತಿಸಿದರು. 1929ರಲ್ಲಿ ಎಟಿಪಿಯನ್ನು ಬೇರ್ಪಡಿಸಿದರು. ಅದೇ ಹೊತ್ತಿಗೆ ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದನ್ನು ಕಂಡಿದ್ದರು. ಸುಬ್ಬರಾವ್ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಾಗಿತ್ತು.

ಸ್ನಾಯುವಿನಲ್ಲಿ ತಯಾರಾಗಿರುವ ಎಟಿಪಿ ಜೋರು ಕೆಲಸಕ್ಕೆ ಎರಡು ಮೂರು ಸೆಕೆಂಡಿಗೆ ಸಾಕು. ಫಾಸ್ಫೋಕ್ರಿಯೇಟಿನ್ ದಾಸ್ತಾನು ಇನ್ನೊಂದು ಹತ್ತು ಸೆಕೆಂಡಿಗೆ. ಅಷ್ಟರೊಳಗೆ ಸಕ್ಕರೆ, ಕೊಬ್ಬು, ಉಸಿರಿನ ಆಮ್ಲಜನಕ ಸೇರಿ ಹೊಸ ಎಟಿಪಿ ಮಾಡುತ್ತಲೇ ಇರಬೇಕು.

ಇನ್ನು ಮುಂದಿನ ಮಾತನ್ನು ಕಿವಿಗೊಟ್ಟು ಕೇಳಿ. ಎಟಿಪಿ ಬೇಕಿರುವುದು ಎಳೆಯಲಿಕ್ಕೆ ಮಾತ್ರ ಅಲ್ಲ. ಬಿಡಲಿಕ್ಕೂ ಬೇಕು. ಮಯೋಸಿನ್ ಕೈ ಒಮ್ಮೆ ಎಳೆದ ಮೇಲೆ ಹಗ್ಗಕ್ಕೆ ಕಚ್ಚಿಕೊಂಡೇ ಇರುತ್ತದೆ. ಹೊಸದೊಂದು ಎಟಿಪಿ ಬಂದು ಆ ಕೈಗೆ ಸೇರಿದರೆ ಮಾತ್ರ ಹಿಡಿತ ಬಿಡುತ್ತದೆ. ಆ ಎಟಿಪಿಯನ್ನು ಒಡೆದು ಬಂದ ಶಕ್ತಿಯಲ್ಲಿ ಕೈ ಮುಂದಿನ ಎಳೆತಕ್ಕೆ ಸಜ್ಜಾಗುತ್ತದೆ. ಎಟಿಪಿ ಬರದಿದ್ದರೆ ಹಿಡಿದ ಕೈ ಹಿಡಿದಂತೆಯೇ ಉಳಿಯುತ್ತದೆ.

ಅದಕ್ಕೆ ಸಾಕ್ಷಿಯನ್ನು ಊರಿನವರೆಲ್ಲ ನೋಡಿದ್ದೇವೆ. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಸಾವಾದರೆ ದೇಹವನ್ನು ಕೂತ ಭಂಗಿಯಲ್ಲಿ ಇರಿಸಿ ಮಣ್ಣು ಮಾಡುತ್ತಾರೆ. ಹಿರಿಯರು ಅವಸರ ಮಾಡುತ್ತಾರೆ. ಸೆಟೆದುಕೊಳ್ಳುವ ಮೊದಲೇ ಕಾಲು ಮಡಿಸಿ ಕೂರಿಸಿ ಅನ್ನುತ್ತಾರೆ. ಬೇರೆ ಮನೆಗಳಲ್ಲಿ ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಕೈಕಾಲು ನೀಟು ಮಾಡುತ್ತಾರೆ. ಉಸಿರು ನಿಂತ ಮೇಲೆ ಎಟಿಪಿ ತಯಾರಾಗುವುದು ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಇದ್ದದ್ದೂ ಮುಗಿಯುತ್ತದೆ. ಕೋಟ್ಯಂತರ ಮಯೋಸಿನ್ ಕೈಗಳು ಹಗ್ಗ ಹಿಡಿದಂತೆಯೇ ನಿಂತುಬಿಡುತ್ತವೆ. ಮೈ ಮರಗಟ್ಟುತ್ತದೆ. ಒಂದು ಒಂದೂವರೆ ದಿನ ಕಳೆದು ಪ್ರೋಟೀನುಗಳೇ ಕೆಡಲು ಶುರುವಾದಾಗ ಆ ಬಿಗಿ ಬಿಡುತ್ತದೆ. ಹಿರಿಯರ ಆ ಅವಸರದ ಹಿಂದೆ ತಲೆಮಾರುಗಳ ನಿಖರವಾದ ಗಮನ ಇದೆ. ಸಡಿಲಿಕೆ ತಾನಾಗಿ ಬರುವುದಲ್ಲ, ಜೀವಂತ ಮೈ ದುಡಿದು ಪಡೆದುಕೊಳ್ಳುವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ರುಜುವಾತು ನನಗೆ ಗೊತ್ತಿಲ್ಲ.

ಈವರೆಗಿನದನ್ನು ಮತ್ತೆ ಕೂಡಿಸಿಕೊಳ್ಳೋಣ. ಕೈ ಹಗ್ಗ ಎಳೆಯುತ್ತದೆ. ಎಳೆಯಲೂ ಬಿಡಲೂ ಎಟಿಪಿ ಬೇಕು. ಜೀವಂತ ಸ್ನಾಯುವಿನಲ್ಲಿ ಎಟಿಪಿ ಯಾವಾಗಲೂ ಇರುತ್ತದೆ. ಹಾಗಾದರೆ ನಮ್ಮ ಮೈಯೆಲ್ಲ ಯಾವಾಗಲೂ ಬಿಗಿದೇ ಇರಬೇಕಲ್ಲ? ಯಾಕಿಲ್ಲ?

ಯಾಕೆಂದರೆ ಹಗ್ಗಕ್ಕೆ ಕಾವಲಿದೆ. ಆಕ್ಟಿನ್ ಹಗ್ಗ ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆಯೇ ಎರಡು ಎಳೆ ಹುರಿ ಮಾಡಿದ್ದು. ಎರಡು ಎಳೆ ಹೊಸೆದಾಗ ನಡುವೆ ಉದ್ದಕ್ಕೂ ಒಂದು ಸಂದು ಉಳಿಯುತ್ತದೆ. ಆ ಸಂದಿನ ಗುಂಟ ಇನ್ನೊಂದು ತೆಳ್ಳನೆಯ ಪ್ರೋಟೀನ್ ಹಾದುಹೋಗಿದೆ. ಅದರ ಹೆಸರು ಟ್ರೋಪೋಮಯೋಸಿನ್. ಸ್ನಾಯು ವಿಶ್ರಾಂತಿಯಲ್ಲಿರುವಾಗ ಅದು ಮಯೋಸಿನ್ ಕೈ ಹಿಡಿಯಬೇಕಾದ ಜಾಗದ ಮೇಲೆಯೇ ಒರಗಿರುತ್ತದೆ. ಕೈಗೆ ಹಿಡಿ ಸಿಗುವುದಿಲ್ಲ.

ಆ ಟ್ರೋಪೋಮಯೋಸಿನ್ ಮೇಲೆ ಸಮಾನ ಅಂತರದಲ್ಲಿ ಇನ್ನೊಂದು ಪ್ರೋಟೀನ್ ಕೂತಿದೆ. ಅದೇ ಟ್ರೋಪೋನಿನ್. ಇದಕ್ಕೆ ಮೂರು ಭಾಗ. ಒಂದು ಭಾಗ ಟ್ರೋಪೋಮಯೋಸಿನ್ನಿಗೆ ಅಂಟಿಕೊಂಡಿದೆ. ಇನ್ನೊಂದು ಭಾಗ ಎಳೆತವನ್ನು ತಡೆದು ನಿಲ್ಲಿಸಿದೆ. ಮೂರನೆಯ ಭಾಗ ಕ್ಯಾಲ್ಸಿಯಂಗಾಗಿ ಕಾಯುತ್ತಿದೆ. ಕ್ಯಾಲ್ಸಿಯಂ ಬಂದು ಆ ಮೂರನೆಯ ಭಾಗಕ್ಕೆ ಸೇರಿದ ಕೂಡಲೇ ಟ್ರೋಪೋನಿನ್ ಆಕಾರ ಬದಲಿಸುತ್ತದೆ. ತಡೆ ಸಡಿಲುತ್ತದೆ. ಟ್ರೋಪೋಮಯೋಸಿನ್ ಕೊಂಚ ಪಕ್ಕಕ್ಕೆ ಹೊರಳುತ್ತದೆ. ಹಿಡಿಯುವ ಜಾಗ ಬಯಲಾಗುತ್ತದೆ. ಕೈಗಳು ಹಗ್ಗ ಹಿಡಿಯುತ್ತವೆ. ಜಪಾನಿನ ಸೆತ್ಸುರೋ ಎಬಾಷಿ 1960ರ ದಶಕದಲ್ಲಿ ಈ ಟ್ರೋಪೋನಿನ್ ಅನ್ನು ಕಂಡುಹಿಡಿದರು. ಅಲ್ಲಿಯವರೆಗೆ ಇಷ್ಟು ಸಣ್ಣ ಕ್ಯಾಲ್ಸಿಯಂ ಕಣವೊಂದು ಸ್ನಾಯುವನ್ನು ಆಳುತ್ತದೆ ಅನ್ನುವುದನ್ನು ಒಪ್ಪಲು ಅನೇಕರು ತಯಾರಿರಲಿಲ್ಲ. ಎಬಾಷಿ ಪಟ್ಟು ಬಿಡಲಿಲ್ಲ. ನನಗೆ ಅವರ ಮೇಲೆ ವಿಶೇಷ ಗೌರವ.

ಈ ಕ್ಯಾಲ್ಸಿಯಂ ಬರುವುದೆಲ್ಲಿಂದ? ಕೈಕಾಲಿನ ಸ್ನಾಯುವಾದರೆ ತನ್ನೊಳಗಿನಿಂದಲೇ. ಸ್ನಾಯುವಿನ ಎಳೆಯೊಳಗೆ ತಂತುಗಳನ್ನು ಸುತ್ತುವರಿದು ತೆಳುಪೊರೆಯ ಚೀಲಗಳಿವೆ. ಕ್ಯಾಲ್ಸಿಯಂ ಅಲ್ಲಿ ಕೂಡಿಟ್ಟಿರುತ್ತದೆ. ಮಿದುಳಿನಿಂದ ಹೊರಟ ಸಂದೇಶ ನರದ ತುದಿಗೆ ಬರುತ್ತದೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಸ್ನಾಯುವಿನ ಮೇಲೆ ಸೂಸುತ್ತದೆ. ಸ್ನಾಯುವಿನ ಮೈಮೇಲೆ ವಿದ್ಯುತ್ತು ಹರಿಯುತ್ತದೆ. ಚೀಲಗಳು ತೆರೆದುಕೊಳ್ಳುತ್ತವೆ. ತಂತುಗಳ ಸುತ್ತಲಿನ ಕ್ಯಾಲ್ಸಿಯಂ ಹತ್ತಾರು ಪಟ್ಟು ಏರುತ್ತದೆ. ಇದೆಲ್ಲ ಆಗುವುದು ಸೆಕೆಂಡಿನ ನೂರರಲ್ಲೊಂದೆರಡು ಪಾಲಿನಲ್ಲಿ. ತೋಟದಲ್ಲಿ ನಾಗರಹಾವು ಕಚ್ಚಿದಾಗ ಮೊದಲು ರೆಪ್ಪೆ ಜೋತುಬೀಳುವುದು ಏಕೆ ಗೊತ್ತೇ? ಆ ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಕೂಡುವ ಇದೇ ಜಾಗದಲ್ಲಿ. ಅಸಿಟೈಲ್‌ಕೋಲಿನ್ ಮುಟ್ಟಬೇಕಾದಲ್ಲಿ ವಿಷ ಕೂತುಬಿಡುತ್ತದೆ. ಸ್ನಾಯು ಸರಿಯಾಗಿಯೇ ಇರುತ್ತದೆ, ಅದಕ್ಕೆ ಸುದ್ದಿ ತಲುಪುವುದಿಲ್ಲ. ಹಾವು ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು ಅನ್ನುವುದಕ್ಕೆ ಕಾರಣವೂ ಇದೇ. ಉಸಿರಾಡಿಸುವ ಸ್ನಾಯುವಿಗೂ ಹಾಗೆಯೇ ಸುದ್ದಿ ನಿಂತುಹೋಗಬಹುದು.

ಬಿಗಿದದ್ದಾಯಿತು. ಸಡಿಲಬೇಕಲ್ಲ. ಅದಕ್ಕೆ ಹೊರಬಂದ ಕ್ಯಾಲ್ಸಿಯಂ ಮತ್ತೆ ಚೀಲ ಸೇರಬೇಕು. ಅದು ತಾನಾಗಿ ಸೇರುವುದಿಲ್ಲ. ಚೀಲದ ಪೊರೆಯಲ್ಲಿ ಅದನ್ನು ಒಳಕ್ಕೆ ತಳ್ಳುವ ಪ್ರೋಟೀನುಗಳಿವೆ. ಎರಡು ಕ್ಯಾಲ್ಸಿಯಂ ಕಣವನ್ನು ಒಳಕ್ಕೆ ತಳ್ಳಲು ಒಂದು ಎಟಿಪಿ ಖರ್ಚು. ಬಿಗಿದು ನಿಂತ ಸ್ನಾಯು ಸುಡುವ ಎಟಿಪಿಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಈ ಕೆಲಸಕ್ಕೇ ಹೋಗುತ್ತದೆ. ಕಾಯಿ ಸುಲಿಯುವ ತೋಳು ಒಂದು ಕುಕ್ಕಿನಿಂದ ಇನ್ನೊಂದು ಕುಕ್ಕಿನ ನಡುವೆ ಸುಮ್ಮನಿದ್ದಂತೆ ಕಾಣುತ್ತದೆ. ಆ ಹೊತ್ತಿನಲ್ಲೂ ಅದು ದುಡಿಯುತ್ತಲೇ ಇರುತ್ತದೆ.

ಈಗ ಮೂರು ಸಂಗತಿ ನಮ್ಮ ಕೈಯಲ್ಲಿವೆ. ಹಗ್ಗ ಎಳೆಯುವ ಕೈ. ಅದಕ್ಕೆ ಎಟಿಪಿ. ಅದರ ಮೇಲೆ ಕ್ಯಾಲ್ಸಿಯಂನ ಅಪ್ಪಣೆ. ಇವನ್ನು ಹಿಡಿದುಕೊಂಡು ಗುಂಡಿಗೆಗೆ ಹೋಗೋಣ.

ಗುಂಡಿಗೆಯೂ ಸ್ನಾಯುವೇ. ಅಲ್ಲೂ ಇದೇ ಹಗ್ಗ, ಇದೇ ಕೈ, ಇದೇ ಟ್ರೋಪೋನಿನ್. ಆದರೆ ಒಂದು ದೊಡ್ಡ ವ್ಯತ್ಯಾಸ. ತೋಳಿನ ಸ್ನಾಯು ತನ್ನ ಚೀಲದ ಕ್ಯಾಲ್ಸಿಯಂನಲ್ಲೇ ನಡೆಸಿಕೊಂಡು ಹೋಗುತ್ತದೆ. ಗುಂಡಿಗೆಗೆ ಪ್ರತಿ ಬಡಿತಕ್ಕೂ ಹೊರಗಿನಿಂದ, ಅಂದರೆ ರಕ್ತದ ಕಡೆಯಿಂದ, ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರಲೇಬೇಕು. ಆ ಸ್ವಲ್ಪ ಬಂದರೆ ಒಳಗಿನ ಚೀಲ ತೆರೆಯುತ್ತದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1883ರಲ್ಲಿ ಇದನ್ನು ಕಂಡದ್ದು ನಲ್ಲಿ ನೀರಿನ ದೆಸೆಯಿಂದ. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಗುಂಡಿಗೆ ಗಂಟೆಗಟ್ಟಲೆ ಬಡಿಯುತ್ತಿತ್ತು. ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಬೇಗನೆ ಸೋತು ನಿಂತಿತು. ನಲ್ಲಿ ನೀರಿನಲ್ಲಿ ಸುಣ್ಣದ ಅಂಶ ಇತ್ತು, ಬಟ್ಟಿ ನೀರಿನಲ್ಲಿ ಇರಲಿಲ್ಲ. ಗುಂಡಿಗೆಗೆ ಬೇಕಾದದ್ದು ಅದೇ ಅಂಶ.

ಎದೆನೋವೆಂದು ಆಸ್ಪತ್ರೆಗೆ ಹೋದವರಿಗೆ ಟ್ರೋಪೋನಿನ್ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಆ ಟ್ರೋಪೋನಿನ್ ಈಗ ನಾವು ಮಾತಾಡಿದ ಟ್ರೋಪೋನಿನ್ನೇ. ಗುಂಡಿಗೆಯ ಟ್ರೋಪೋನಿನ್ ತೋಳಿನದಕ್ಕಿಂತ ಕೊಂಚ ಬೇರೆ. ಗುಂಡಿಗೆಯ ಸ್ನಾಯು ಸತ್ತರೆ ಅದು ರಕ್ತಕ್ಕೆ ಸೋರುತ್ತದೆ. ಸೋರಿ ಪರೀಕ್ಷೆಯಲ್ಲಿ ಕಾಣಲು ಕೆಲವು ಗಂಟೆ ಬೇಕಾಗಬಹುದು. ಆದ್ದರಿಂದ ಮೊದಲ ಸಲ ಇಲ್ಲವೆಂದು ಬಂದರೂ ವೈದ್ಯರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಾರೆ. ಮೊದಲ ವರದಿ ನೋಡಿ ಗ್ಯಾಸ್ ಇರಬೇಕೆಂದು ಮನೆಗೆ ಹೊರಟುಬಿಡಬೇಡಿ.

ಬೆಂಗಳೂರಿನ ಮಾತು ಬರುತ್ತದೆ ಎಂದಿದ್ದೆ. ಗುಂಡಿಗೆಯ ದಪ್ಪ ತಂತುವಿನ ಮೇಲೆ ಮಯೋಸಿನ್ ಕೈಗಳನ್ನು ಹತೋಟಿಯಲ್ಲಿಡುವ ಇನ್ನೊಂದು ಪ್ರೋಟೀನ್ ಇದೆ. ಅದಕ್ಕೆ ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ ಎಂದು ಹೆಸರು. ಅದರ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ಮಾರ್ಪಾಡು ನಮ್ಮ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಿಗಿದೆ ಎಂದು 2009ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಪೆರುಂದುರೈ ಧಂಡಪಾಣಿ ಮತ್ತವರ ಸಂಗಡಿಗರ ಕೆಲಸ ಅದು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗೆ ಬಂದು ಗುಂಡಿಗೆಯ ಸ್ನಾಯುರೋಗಗಳ ಅಧ್ಯಯನ ಮುಂದುವರಿಸಿದರು. ಪಾಚಿಯ ಪ್ರಯೋಗ ಮಾಡಿದ ಸ್ಪುಡಿಚ್ ಅವರೂ ಈ ಸಂಸ್ಥೆಯ ಸಂಶೋಧಕರ ಜೊತೆ ದುಡಿದಿದ್ದಾರೆ. ಈ ಮಾರ್ಪಾಡು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆದರೆ ವಯಸ್ಸಾದಂತೆ ಗುಂಡಿಗೆ ಸೋಲುವ ಸಂಭವ ಹೆಚ್ಚು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಗುಂಡಿಗೆ ಕಾಯಿಲೆಯಿಂದ ಹೋದವರಿದ್ದರೆ ಅದನ್ನು ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು.

ಗುಂಡಿಗೆಗೆ ರಕ್ತದ ಕ್ಯಾಲ್ಸಿಯಂ ಬೇಕು. ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ನನ್ನ ಜೊತೆ ಕೊಟ್ಟಿಗೆಗೆ ಬನ್ನಿ.

ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಯ ಸರ್ಕಾರಿ ಕೇಂದ್ರವಿದೆ. ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಇವು ಎಳೆಯಲೆಂದೇ ಬೆಳೆಸಿದ ದನಗಳು. ಮೈಯೆಲ್ಲ ಸ್ನಾಯು, ಹಾಲು ಕಡಿಮೆ. ನಾನು ಹೇಳಹೊರಟ ಕಾಯಿಲೆ ಅವುಗಳಿಗೆ ಬರುವುದು ಅಪರೂಪ. ಇವತ್ತು ನಮ್ಮ ತೋಟದ ಮನೆಗಳಲ್ಲಿ ಡೈರಿಗೆ ಹಾಲು ಹಾಕುವುದು ಹೆಚ್ಚಾಗಿ ಸೀಮೆ ಹಸು. ಕೊಬ್ಬರಿ ಬೆಲೆ ಕುಸಿದ ವರ್ಷ ಎಷ್ಟೋ ಮನೆಗಳ ಸಂಸಾರ ನಡೆಯುವುದು ಈ ಹಾಲಿನ ದುಡ್ಡಿನಲ್ಲಿ. ಹೆಚ್ಚು ಹಾಲು ಕೊಡುವ ಹಸುವಿಗೇ, ಅದರಲ್ಲೂ ಮೂರನೇ ಸೂಲು ದಾಟಿದ್ದಕ್ಕೆ, ಹಾಲುಜ್ವರ ಬರುತ್ತದೆ.

ಹೆಸರು ಜ್ವರ. ಮೈ ಮುಟ್ಟಿದರೆ ತಣ್ಣಗಿರುತ್ತದೆ. ಕಿವಿ ಐಸಾಗಿರುತ್ತದೆ. ಕರು ಹಾಕಿದ ಮೂರು ದಿನದೊಳಗೆ ಇದು ಕಾಣಿಸಿಕೊಳ್ಳುವುದು ಹೆಚ್ಚು. ಮೊದಲು ಮೈ ನಡುಗುತ್ತದೆ, ಹಿಂಗಾಲು ಸೆಟೆದು ತೂರಾಡುತ್ತದೆ. ಆಮೇಲೆ ಕೂತುಬಿಡುತ್ತದೆ. ಕತ್ತು ಹೊರಳಿಸಿ ಮುಖವನ್ನು ಪಕ್ಕೆಗೆ ಇಟ್ಟುಕೊಳ್ಳುತ್ತದೆ. ಮೂತಿ ಒಣಗುತ್ತದೆ. ಮೆಲುಕು ನಿಲ್ಲುತ್ತದೆ. ಸಗಣಿ ಗಂಜಲ ನಿಲ್ಲುತ್ತದೆ. ಕೆಲವು ಹಸುಗಳಿಗೆ ಕಸ, ಅಂದರೆ ಮಾಸು, ಬಿದ್ದಿರುವುದಿಲ್ಲ. ಹಾಗೇ ಬಿಟ್ಟರೆ ಪೂರಾ ಪಕ್ಕಕ್ಕೆ ಒರಗಿ, ಹೊಟ್ಟೆ ಉಬ್ಬರಿಸಿ, ಸಾಯುತ್ತದೆ.

ಲೆಕ್ಕ ಕೇಳಿ. ಒಂದು ದೊಡ್ಡ ಸೀಮೆ ಹಸುವಿನ ರಕ್ತದಲ್ಲಿ ಓಡಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ 2 ಗ್ರಾಂಗಿಂತ ಹೆಚ್ಚು. 10 ಲೀಟರ್ ಗಿಣ್ಣು ಕರೆದರೆ 20 ಗ್ರಾಂಗೂ ಮೇಲೆ ಹೊರಟುಹೋಯಿತು. ರಕ್ತದಲ್ಲಿದ್ದದ್ದರ ಆರೇಳು ಪಟ್ಟು! ಹಸುವಿನ ಮೂಳೆಯಲ್ಲಿ ಕಿಲೋಗಟ್ಟಲೆ ಕ್ಯಾಲ್ಸಿಯಂ ಇದೆ, ಆದರೆ ಅದು ಕರಗಿ ರಕ್ತಕ್ಕೆ ಬರಲು ಒಂದೆರಡು ದಿನ ಹಿಡಿಯುತ್ತದೆ. ಹಾಲು ಅಷ್ಟು ದಿನ ಕಾಯುವುದಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಏನೇನು ನಿಲ್ಲುತ್ತದೆ? ಮೊದಲನೆಯದು ನರದ ತುದಿ. ಅಸಿಟೈಲ್‌ಕೋಲಿನ್ ಸೂಸಬೇಕಾದರೆ ನರದ ತುದಿಗೂ ಹೊರಗಿನ ಕ್ಯಾಲ್ಸಿಯಂ ಬೇಕು. ಕಾಲಿನ ಸ್ನಾಯುವಿನ ಚೀಲ ತುಂಬಿದ್ದರೂ ಎದ್ದು ನಿಲ್ಲು ಅನ್ನುವ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಹಸು ಏಳಲಾರದೆ ಕೂರುವುದು ಇದರಿಂದ. ಇನ್ನೊಂದು ಹೊಟ್ಟೆ, ಕರುಳು, ಗರ್ಭಕೋಶದ ಸ್ನಾಯು. ಇದರಲ್ಲಿ ಟ್ರೋಪೋನಿನ್ ಇಲ್ಲ. ಇಲ್ಲಿ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಸೇರುತ್ತದೆ. ಅದರ ಮೂಲಕ ಮಯೋಸಿನ್ ಕೈಗೇ ನೇರವಾಗಿ ಅಪ್ಪಣೆ ಹೋಗುತ್ತದೆ. ಈ ಸ್ನಾಯುಗಳೂ ಹೊರಗಿನ ಕ್ಯಾಲ್ಸಿಯಂ ನಂಬಿಕೊಂಡವು. ಮೆಲುಕು ನಿಲ್ಲುವುದು, ಸಗಣಿ ಕಟ್ಟುವುದು, ಕಸ ಬೀಳದಿರುವುದು, ಎಲ್ಲಕ್ಕೂ ಇದು ಕಾರಣ. ಕೊನೆಯದು ಗುಂಡಿಗೆ. ಬಡಿತ ಕ್ಷೀಣಿಸುತ್ತದೆ. ಸ್ನಾಯು ದುಡಿದರೆ ಮೈಗೆ ಕಾವು. ದುಡಿಯದ ಮೈ ತಣ್ಣಗಾಗುತ್ತದೆ.

ಆಗ ನಾವು ಬಾಟ್ಲಿ ಹಾಕುತ್ತೇವೆ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್, 450 ಮಿಲಿಲೀಟರಿನ ಬಾಟ್ಲಿ. ಅದರಲ್ಲಿ ಕ್ಯಾಲ್ಸಿಯಂ ಹತ್ತಿರಹತ್ತಿರ 8 ಗ್ರಾಂ. ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಬಿಡುತ್ತೇವೆ. ಒಂದು ಕಿವಿ ಗುಂಡಿಗೆಯ ಸದ್ದಿನ ಮೇಲೇ ಇರುತ್ತದೆ. ನೀವು ಪಕ್ಕದಲ್ಲಿ ನಿಂತು, ಬೇಗ ಬಿಡಿ ಸಾರ್, ಅನ್ನುತ್ತೀರಿ. ಬೇಗ ಬಿಡಬಾರದು. ಕ್ಯಾಲ್ಸಿಯಂ ಒಮ್ಮೆಗೇ ಏರಿದರೆ ಗುಂಡಿಗೆ ಬಿಗಿಯಿತೇ ಹೊರತು ಸಡಿಲುವುದಕ್ಕೆ ಅವಕಾಶ ಸಿಗುವುದಿಲ್ಲ. ತಾಳ ತಪ್ಪುತ್ತದೆ. ಹಸು ಸೂಜಿಯಲ್ಲೇ ಸಾಯುತ್ತದೆ. ಕಡಿಮೆಯಾದರೂ ಕೊಲ್ಲುವ, ಜಾಸ್ತಿಯಾದರೂ ಕೊಲ್ಲುವ ವಸ್ತು ಇದು. ಕಲಿಯದವರ ಕೈಯಲ್ಲಿ ಈ ಬಾಟ್ಲಿ ಹಾಕಿಸಬೇಡಿ.

ಸರಿಯಾಗಿ ಹಾಕಿದಾಗ ಆಗುವುದನ್ನು ನೋಡುವುದೇ ಒಂದು ಸಂತೋಷ. ಪಕ್ಕೆಯ ಸ್ನಾಯು ಅದುರಲು ಶುರುವಾಗುತ್ತದೆ. ಮೂತಿಯ ಮೇಲೆ ಹನಿ ಮೂಡುತ್ತದೆ. ಹಸು ತೇಗುತ್ತದೆ. ಸಗಣಿ ಹಾಕುತ್ತದೆ. ಎಷ್ಟೋ ಸಲ ಸೂಜಿ ತೆಗೆದ ಸ್ವಲ್ಪ ಹೊತ್ತಿಗೇ ಎದ್ದು ಕರುವಿನ ಕಡೆ ತಿರುಗುತ್ತದೆ. ಕರುಳು, ನರ, ಕಾಲು, ಎಲ್ಲಕ್ಕೂ ಅಪ್ಪಣೆ ಮತ್ತೆ ತಲುಪಿತು.

ಇನ್ನು ನೀವು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಗಬ್ಬದ ಕೊನೆಯ ಮೂರು ವಾರ ಹಸುವಿಗೆ ಕ್ಯಾಲ್ಸಿಯಂ ಟಾನಿಕ್ ಹೊಯ್ಯಬೇಡಿ. ಇದು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಹೊರಗಿನಿಂದ ಧಾರಾಳವಾಗಿ ಸಿಗುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಇಳಿಸುವ ಮೈಯ ಏರ್ಪಾಡು ಸೋಮಾರಿಯಾಗುತ್ತದೆ. ಕರು ಹಾಕಿದ ದಿನ ಅದಕ್ಕೆ ಎಚ್ಚರವೇ ಇರುವುದಿಲ್ಲ. ಆ ಮೂರು ವಾರ ಕುದುರೆಮೆಂತ್ಯ ಸೊಪ್ಪನ್ನೂ ಕಡಿಮೆ ಮಾಡಿ. ಕ್ಯಾಲ್ಸಿಯಂ ಬೇಕಿರುವುದು ಕರು ಹಾಕಿದ ಮೇಲೆ. ಎಷ್ಟು, ಯಾವ ರೂಪದಲ್ಲಿ ಎಂದು ನಿಮ್ಮ ಊರಿನ ಪಶುವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹಸು ಮಲಗಿಬಿಟ್ಟರೆ ಪಕ್ಕಕ್ಕೆ ಒರಗಲು ಬಿಡಬೇಡಿ. ಎದೆ ನೆಲಕ್ಕೆ ಊರುವಂತೆ ಕೂರಿಸಿ, ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಡಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಮೈಭಾರಕ್ಕೆ ಕೆಳಗಿನ ತೊಡೆಯ ಸ್ನಾಯು ಜಜ್ಜಿ ಸಾಯುತ್ತದೆ. ಆಮೇಲೆ ಎಷ್ಟು ಬಾಟ್ಲಿ ಹಾಕಿದರೂ ಏಳುವುದಿಲ್ಲ. ಬಾಯಿಗೆ ನೀರು, ಕಷಾಯ, ಎಣ್ಣೆ, ಏನನ್ನೂ ಹೊಯ್ಯಬೇಡಿ. ನುಂಗುವ ಸ್ನಾಯುವಿಗೂ ಆಗ ಬಲವಿರುವುದಿಲ್ಲ. ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ 1962 ಒತ್ತಿ. ಪಶುಗಳ ಆಂಬುಲೆನ್ಸ್ ನಂಬರು ಅದು.

ಎದ್ದು ನಿಂತ ಹಸು ಒಂದೆರಡು ದಿನದಲ್ಲಿ ಮತ್ತೆ ಕೂರುವುದುಂಟು. ಆ ಎರಡು ದಿನ ಕರುವಿಗೆ ಸಾಕಾಗುವಷ್ಟು ಹಾಲು ಕರೆದು ಕೆಚ್ಚಲಲ್ಲಿ ಸ್ವಲ್ಪ ಉಳಿಸಿ. ರಾತ್ರಿ ಒಮ್ಮೆ ಎದ್ದು ಹೋಗಿ ಅದರ ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮತ್ತೆ ಕರೆಯಲು ಸಂಕೋಚ ಪಡಬೇಡಿ, ನಾವು ಬರುತ್ತೇವೆ.